ಮೂರು ಬೆರಳಿನ ಬೆಲೆ

ಆ ಮೂರು ಬೆರಳಿಗೆ ನಾನು ಹದಿನೇಳೂವರೆ ಸಾವಿರ ರೂಪಾಯಿ ಕೊಟ್ಟಿದ್ದೇನೆ. ಅಂಗಡಿಯವನು ಹತ್ತೊಂಬತ್ತು ಹೇಳಿದ್ದ, ಒಂದೂವರೆ ಇಳಿಸಿದೆ. ಆದರೂ ಪುಕ್ಕಟೆಯಾಗಿ ಮನೆಗೆ ಬರಬೇಕಿದ್ದ ಮೆಷಿನ್ನಿಗೆ ದುಡ್ಡು ಕೊಟ್ಟವನು ನಾನು. ಯಾಕೆಂದರೆ ಬೇರೆಯವನ ಕೈಯನ್ನು ನನಗೆ ಗೊತ್ತಿದ್ದ ಭಾಷೆಯಲ್ಲಿ ಓದಿದೆ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮದೊಂದು ಸೀರೆ ಅಂಗಡಿ. ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಹೊಳೆಹೊನ್ನೂರಿನ ಸಂತೆಗೆ ಹೋಗುತ್ತಿದ್ದವನು ನಾನು. ಅಲ್ಲಿಂದ ಇಲ್ಲಿಗೆ ಬಂದದ್ದು ಯಾರನ್ನೂ ಪೂರ್ತಿ ನಂಬದೆ. ದನದ ದಲ್ಲಾಳಿಗಳ ಬೆರಳಿನ ಲೆಕ್ಕ ಕಲಿತದ್ದೂ ಸಂತೆಯಲ್ಲೇ. ಟವೆಲಿನ ಅಡಿಯಲ್ಲಿ ಮೂರು ಬೆರಳು ಹಿಡಿದರೆ ಮೂರು. ನೂರೋ ಸಾವಿರವೋ ಎಂಬುದು ಎದುರಿಗಿರುವ ಮಾಲು ನೋಡಿದರೆ ತಿಳಿಯುತ್ತದೆ. ನಮ್ಮ ಅಂಗಡಿಯಲ್ಲೂ ಅದೇ ಪದ್ಧತಿ. ಹೆಂಡತಿ ಗಿರಾಕಿಗೆ ಸೀರೆ ಬಿಡಿಸಿ ತೋರಿಸುವಾಗ ನಾನು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತೇನೆ. ಟವೆಲಿನ ಮೇಲೆ ಎಷ್ಟು ಬೆರಳು ಕಾಣುತ್ತವೋ ಅದೇ ಕೊನೆಯ ರೇಟು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಬ್ಲೌಸ್ ಹೊಲಿಯುತ್ತಾಳೆ. ಬಟ್ಟೆಯ ಒಳ ಅಂಚಿನ ನೂಲು ಬಿಡದ ಹಾಗೆ ಓವರ್‌ಲಾಕ್ ಹೊಡೆಸಲು ಮಾತ್ರ ಇನ್ನೊಬ್ಬರ ಅಂಗಡಿಯಲ್ಲಿ ಕಾಯಬೇಕಿತ್ತು. ಮದುವೆ ಸೀಸನ್ನಿನಲ್ಲಿ ಅಲ್ಲಿ ಅವಳ ಕೆಲಸ ಯಾವಾಗಲೂ ಕಡೆಗೆ. ಆಗಲೇ ಶಿವಮೊಗ್ಗದ ಒಂದು ಲೋಕಲ್ ಚಾನೆಲ್ಲಿನವರು ಹೆಂಗಸರಿಗಾಗಿ ಲೈವ್ ಗೇಮ್ ಶೋ ಮಾಡುತ್ತೇವೆ ಎಂದು ಜಾಹೀರಾತು ಹಾಕಿದರು. ವಸ್ತು ನೋಡಿ ಬೆಲೆ ಹೇಳಬೇಕು, ಮುಚ್ಚಿಟ್ಟ ಚೀಟಿಯ ಬೆಲೆಗೆ ಹತ್ತಿರ ಬಂದವರು ಗೆದ್ದ ಹಾಗೆ. ಮೊದಲ ಬಹುಮಾನ ಓವರ್‌ಲಾಕ್ ಮೆಷಿನ್. ಅವಳು ನನಗೆ ಹೇಳದೆ ಹೆಸರು ಕೊಟ್ಟಿದ್ದಳು.

“ಪುಕ್ಕಟೆ ಯಾರು ಕೊಡ್ತಾರೆ?” ಎಂದೆ.

“ಗೆದ್ದೋರಿಗೆ ಕೊಡ್ತಾರೆ. ನೀವು ಬರೋದಾದ್ರೆ ಬಾಯಿ ಮುಚ್ಕೊಂಡು ಬನ್ನಿ.”

ಒಂದು ಕಲ್ಯಾಣ ಮಂಟಪದ ಊಟದ ಹಾಲನ್ನೇ ಸ್ಟುಡಿಯೋ ಮಾಡಿದ್ದರು. ಹೆಂಗಸರು ಎಲ್ಲಿ ನಿಲ್ಲಬೇಕೆಂದು ನೆಲಕ್ಕೆ ಬಿಳಿ ಟೇಪು ಅಂಟಿಸಿದ್ದರು. ಹೆಡ್‌ಫೋನ್ ಹಾಕಿಕೊಂಡ ಗಡ್ಡದವನೊಬ್ಬ, ಏನೂ ನಡೆಯುವ ಮೊದಲೇ, ನಮ್ಮಿಂದ ಮೂರು ಸಲ ಚಪ್ಪಾಳೆ ಹೊಡೆಸಿದ. ರಿಹರ್ಸಲ್ ಅಂತ ಅವರ ಆಫೀಸಿನ ಹುಡುಗಿಯೇ ಆಡಿ, ಅವಳೇ ಗೆದ್ದು, ಅವಳೇ ಕಣ್ಣೊರೆಸಿಕೊಂಡಳು. ನಾನು ಸ್ಟೇಜಿನ ಹತ್ತಿರ ಹೋಗಿ ಮೆಷಿನ್ನಿನ ರಟ್ಟಿನ ಡಬ್ಬವನ್ನು ಕಾಲಿನಿಂದ ತಳ್ಳಿದೆ. ಜಾರಿಕೊಂಡು ಹೋಯಿತು.

“ಇದ್ರಲ್ಲಿ ಗಾಳಿ ತುಂಬಿದೀರಾ?” ಎಂದು ಗಡ್ಡದವನನ್ನು ಕೇಳಿದೆ.

“ಅದು ಕ್ಯಾಮೆರಾಕ್ಕೆ, ಯಜಮಾನ್ರೆ. ಮೆಷಿನ್ ಗೋಡೌನಲ್ಲಿದೆ.”

“ಯಾರ ಗೋಡೌನು?”

“ಕೂತ್ಕೊಳ್ಳಿ. ಇನ್ನೇನು ಲೈವ್ ಹೋಗ್ತೀವಿ.”

ಮುಂದಿನ ಸಾಲಿನಲ್ಲೇ ಕೂತೆ. ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ. ಆರು ಹೆಂಗಸರಲ್ಲಿ ಕಡೆಗೆ ಉಳಿದವರು ನಮ್ಮವಳು ಮತ್ತು ಶಿವಮೊಗ್ಗದ ಒಬ್ಬ ಟೀಚರ್. ಆ್ಯಂಕರ್ ಸ್ಟೀಲಿನ ಸಾಂಬಾರ ಡಬ್ಬಿ ತಂದಿಟ್ಟಾಗ ಗಡ್ಡದವನು ಕ್ಯಾಮೆರಾದ ಪಕ್ಕ ನಿಂತು ಐದು ಬೆರಳು ಎತ್ತಿದ. ಟೀಚರ್ “ಐನೂರು” ಎಂದರು. ಚೀಟಿ ತೆಗೆದರೆ ಐನೂರ ಇಪ್ಪತ್ತು. ನನಗೆ ಎಲ್ಲ ತಿಳಿದುಹೋಯಿತು.

ಕೊನೆಯ ವಸ್ತು ಒಂದು ಸೀರೆ. ಮೊದಲು ಹೇಳುವ ಸರದಿ ನಮ್ಮವಳದು. ಅವಳು ಅಂಚನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿದಳು. ಆ ಲೈಟಿನಲ್ಲಿ ನನಗೆ ಹತ್ತಿಯೋ ರೇಷ್ಮೆಯೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಗಡ್ಡದವನು ಮೂರು ಬೆರಳು ಎತ್ತಿ ಹಾಗೆಯೇ ಹಿಡಿದ. ಟೀಚರ್ ಅತ್ತ ನೋಡಿ ನಕ್ಕರು. ನೀವು ಅಲ್ಲಿದ್ದರೆ ಏನು ಮಾಡುತ್ತಿದ್ದಿರೋ, ನಾನಂತೂ ಟವೆಲ್ ತೆಗೆದು ಮುಖ ಒರೆಸಿಕೊಂಡೆ.

ಅವಳು ನನ್ನ ಕೈ ನೋಡಿದಳು. ಒಂದು ಕ್ಷಣ ತಡೆದಳು. “ಮೂರು ಸಾವಿರ.”

ಟೀಚರ್ “ಎರಡು ಸಾವಿರ” ಎಂದರು. ತಾನೇ ಹೇಳಿಸಿಕೊಂಡ ಉತ್ತರವನ್ನು ಮರೆತ ದಡ್ಡಿ ಎಂದುಕೊಂಡೆ. ಚೀಟಿಯಲ್ಲಿ ಸಾವಿರದ ಎಂಟುನೂರ ಐವತ್ತು ಅಂತ ಇತ್ತು.

ಜನ ಚಪ್ಪಾಳೆ ಹೊಡೆದು ಮುಗಿಸಿದ ಮೇಲೆ ಗಡ್ಡದವನನ್ನು ಹಿಡಿದೆ. “ಮೂರು ಯಾಕೆ ತೋರಿಸ್ದೆ?”

“ಮೂರು ನಿಮಿಷ ಉಳಿದಿದೆ ಅಂತ ಆ್ಯಂಕರ್‌ಗೆ. ಲೈವಲ್ಲಿ ಬಾಯಲ್ಲಿ ಹೇಳಕ್ಕಾಗತ್ತಾ?”

“ಅದಕ್ಕೆ ಮುಂಚೆ ಐದು?”

“ಐದು ನಿಮಿಷ. ಬೇಕಾದ್ರೆ ಗಡಿಯಾರ ನೋಡ್ಕೊಳ್ಳಿ.”

ಇಡೀ ಹಾಲಿನಲ್ಲಿ ಮೋಸ ಮಾಡಿದವನು ನಾನೊಬ್ಬನೇ. ಅದೂ ನಮ್ಮವಳಿಗೆ.

ಭದ್ರಾವತಿ ಬಸ್ಸಿನಲ್ಲಿ ಅವಳು ನನ್ನ ಟವೆಲನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ, “ಮುಟ್ಟಿದ ಕೂಡ್ಲೇ ಗೊತ್ತಾಗಿತ್ತು. ಹತ್ತೊಂಬೈನೂರ ಒಳಗೆ,” ಎಂದಳು.

“ಮತ್ತೆ ಹೇಳೋದಲ್ವಾ?”

“ಇಷ್ಟು ವರ್ಷ ನನ್ನ ಲೆಕ್ಕ ಯಾವತ್ತು ಕೇಳಿದೀರಿ? ಕೈ ನೋಡಿ ಹೇಳೋದೇ ಅಭ್ಯಾಸ ಆಗಿದೆ ನಂಗೆ.”

ಮರುದಿನ ಎದುರಿನ ಟೀ ಅಂಗಡಿಯವನು, “ಟಿವೀಲಿ ನಿನ್ ಟವೆಲ್ ಚೆನ್ನಾಗಿ ಕಾಣ್ತಿತ್ತು ಮಾರಾಯ. ಅಷ್ಟು ಸೆಖೆ ಇತ್ತಾ ಅಲ್ಲಿ?” ಎಂದ. ಟೀ ಕುಡಿಯದೆ ಬಂದೆ. ಆ ಟೀಚರಿಗೆ ಮೆಷಿನ್ ನಿಜವಾಗಿ ಸಿಕ್ಕಿತೇ ಎಂದು ಶಿವಮೊಗ್ಗದಲ್ಲಿ ಇಬ್ಬರ ಹತ್ತಿರ ವಿಚಾರಿಸಿದೆ. ನಾಲ್ಕನೇ ದಿನವೇ ಸಿಕ್ಕಿತಂತೆ. ಸಿಗದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಅದೇ ವಾರ ಇಬ್ಬರೂ ಮೆಷಿನ್ ಕೊಳ್ಳಲು ಹೋದೆವು. ಅಂಗಡಿಯ ಬಾಗಿಲಲ್ಲಿ ಅವಳು, “ಕೈ ಜೇಬಲ್ಲಿರ್ಲಿ,” ಎಂದಳು. ಒಂದೂವರೆ ಇಳಿಸಿದೆ ಅಂದೆನಲ್ಲ, ಇಳಿಸಿದ್ದು ಅವಳು.

ನೀವೂ ಇಂಥ ಶೋಗೆ ಹೋಗುವುದಾದರೆ ಅನುಮಾನ ಬಿಡಿ ಅಂತ ನಾನು ಹೇಳುವುದಿಲ್ಲ. ಡಬ್ಬ ಎತ್ತಿ ನೋಡಿ. ಬಹುಮಾನ ಯಾವ ದಿನ ಕೈಗೆ ಬರುತ್ತದೆಂದು ಬರೆಸಿಕೊಳ್ಳಿ. ಕ್ಯಾಮೆರಾದ ಪಕ್ಕ ನಿಂತವನು ಯಾವ ಸನ್ನೆಯಿಂದ ಯಾರಿಗೆ ಏನು ಹೇಳುತ್ತಾನೆ ಎಂದು ಶುರುವಾಗುವ ಮೊದಲೇ ಕೇಳಿಕೊಳ್ಳಿ, ನಾಚಿಕೆ ಬೇಡ. ಆಮೇಲೆ ನಿಮ್ಮವರ ಕೈಯಲ್ಲಿ ಮಾಲು ಇದ್ದರೆ, ನಿಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿರಿ. ಟವೆಲನ್ನು ಮನೆಯಲ್ಲೇ ಬಿಟ್ಟು ಹೋದರೆ ಇನ್ನೂ ಒಳ್ಳೆಯದು.