ಮಾಂಜ್ರಾ ನೀರಿಗೆ ಬಿದ್ದ ಸೈಕಲ್ ಗಂಟಿ

ನಿಜಾಮನ ಹೈದರಾಬಾದಿನ ಮೇಲೆ ಭಾರತದ ಸೈನ್ಯ ನಡೆಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ, ಅಂದರೆ 1949ರಲ್ಲಿ, ನಾನು ಬೀದರಿನಲ್ಲಿ ವ್ಯಾಕ್ಸಿನೇಟರ್ ಆಗಿದ್ದೆ. ಹಳ್ಳಿಹಳ್ಳಿ ತಿರುಗಿ ಸಿಡುಬಿನ ಲಸಿಕೆ ಹಾಕುವ ನೌಕರಿ. ನಮ್ಮನ್ನು ಕಂಡಕೂಡಲೇ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ವರ್ಷ ಯಾರಿಗೂ ಯಾವುದೂ ತಿಳಿಯುತ್ತಿರಲಿಲ್ಲ ಬಿಡಿ. ರಾಜ್ಯದ ಹೆಸರು ಹೈದರಾಬಾದೇ, ಆಳುವವರು ಬೇರೆ. ಮುಂಜಾನೆ ಉರ್ದುವಿನಲ್ಲಿ ಬಂದ ಹುಕುಂ ಸಂಜೆಗೆ ಇಂಗ್ಲಿಷಿನಲ್ಲಿ ತಿರುಗಿ ಬರುತ್ತಿತ್ತು. ಯಾರಿಗೆ ಸಲಾಂ, ಯಾರಿಗೆ ನಮಸ್ಕಾರ ಅನ್ನುವುದೇ ದೊಡ್ಡ ಫಜೀತಿ.

ಅಂಥದ್ದರಲ್ಲಿ ಹೊಸದಾಗಿ ಬಂದ ಸಾಹೇಬರೊಬ್ಬರಿಗೆ ಒಂದು ವಿಚಾರ ಹೊಳೆಯಿತು. ಸರ್ಕಾರಿ ನೌಕರರು ಗುಂಪಾಗಿ ಸೈಕಲ್ ಮೇಲೆ ಬೀದರಿನಿಂದ ಭಾಲ್ಕಿ, ಅಲ್ಲಿಂದ ಔರಾದ ಸುತ್ತಿ ಬರಬೇಕು. ದಾರಿಯಲ್ಲಿ ಇನ್ನು ಹೆದರಿಕೆಯಿಲ್ಲ ಎಂದು ಜನರಿಗೆ ತೋರಿಸಬೇಕು. ಎಲ್ಲರೂ ಖಾಕಿ ಹಾಕಬೇಕಂತೆ. ಹೆದರಿದವರಿಗೆ ಧೈರ್ಯ ಹೇಳಲು ಖಾಕಿಯೇ ಯಾಕೆ? ನನಗಂತೂ ತಲೆಬುಡ ತಿಳಿಯಲಿಲ್ಲ.

ಒಟ್ಟು ಹನ್ನೆರಡು ಮಂದಿ, ಅವರಲ್ಲಿ ಶಾಲೆಯ ಡ್ರಿಲ್ ಮಾಸ್ತರು ರಾಚಪ್ಪ ಮುಂದಾಳು. ಗುಂಪಿನಲ್ಲಿ ನಮ್ಮ ಕಚೇರಿಯ ಚಪರಾಸಿ ಖಾಜಾ ಮಿಯಾನೂ ಇದ್ದ. ಅವನ ವಿಧವೆ ತಾಯಿ ಔರಾದದಲ್ಲಿ ಒಬ್ಬಳೇ ಇದ್ದಳು. ಕಾರ್ಯಾಚರಣೆಯ ಹೊತ್ತಿಗೆ ಮುಸಲ್ಮಾನರ ಮೇಲೆ ಗಲಾಟೆ ಆದಾಗಿನಿಂದ ಆಕೆಯ ಸುದ್ದಿಯಿಲ್ಲ. ಖಾಜಾನಂಥವರು ಆ ದಾರಿಯಲ್ಲಿ ಒಬ್ಬರೇ ಹೋಗುವ ಕಾಲವೂ ಅದಲ್ಲ. ಗುಂಪಿನ ನಡುವೆ ಹೋದರೆ ತಾಯಿ ಬದುಕಿದ್ದಾಳೋ ಇಲ್ಲವೋ ತಿಳಿದೀತು ಎಂದು ಹೊರಟಿದ್ದ.

ಕಚೇರಿಯ ಸೈಕಲ್ ಕೊಡುತ್ತೇವೆಂದರೂ ಅವನು ತೀರಿಹೋದ ಅಪ್ಪನ ವಿಲಾಯತಿ ಸೈಕಲ್ಲನ್ನೇ ತಂದ. ರಾಡ್ ಬ್ರೇಕಿನದು, ಅಂದರೆ ತಂತಿಯ ಬದಲು ಕಬ್ಬಿಣದ ಸರಳು ಎಳೆದು ನಿಲ್ಲಿಸುವಂಥದ್ದು. ಆ ಬ್ರೇಕೂ ಹಿಡಿಯುತ್ತಿರಲಿಲ್ಲ. ಗಂಟೆಯೊಂದೇ ಫಳಫಳ ಹೊಳೆಯುತ್ತಿತ್ತು. "ಇದನ್ನ ಯಾಕೋ ಮಾರಾಯ?" ಎಂದರೆ ನಕ್ಕು ಅಂಗಿಯ ತುದಿಯಿಂದ ಗಂಟೆ ಒರೆಸಿದ.

ಭಾಲ್ಕಿಯ ತನಕ ನಮ್ಮ ಖಾಕಿ ಕಂಡವರೆಲ್ಲ ಓಡಿ ಜೋಳದ ಹೊಲ ಸೇರಿದರು. "ಹೆದರಬ್ಯಾಡ್ರೀ!" ಎಂದು ಮಾಸ್ತರು ಕೂಗಿದಷ್ಟೂ ಅವರು ಜೋರಾಗಿ ಓಡಿದರು. ಭಾಲ್ಕಿ ದಾಟಿ ಮಾಂಜ್ರಾ ಹೊಳೆ ಬಂತು. ಮೊಣಕಾಲುದ್ದ ನೀರು. ಸೈಕಲ್ ಹೆಗಲಿಗೇರಿಸಿ ಇಳಿದೆವು. ನಡುನೀರಿನಲ್ಲಿ ಖಾಜಾನ ಗಂಟೆಯ ಮುಚ್ಚಳ ಕಳಚಿ ಬಿತ್ತು. ಅವನು ಸೈಕಲ್ ದಡಕ್ಕೆ ಒಗೆದು ಬಂದು ನೀರಿನಲ್ಲಿ ಕೂತೇಬಿಟ್ಟ.

"ಬ್ರೇಕ್ ಇಲ್ದ ಬಂದಿ, ಈಗ ಗಂಟಿ ಸಲುವಾಗಿ ನೀರಾಗ ಕುಂಡರ್ತಿ ಏನಲೇ? ಏಳ್, ಹೊತ್ತು ಹೋಗ್ಲತ್ತದ!" ಮಾಸ್ತರು ಗದರಿದರು.

"ನೀವು ಹೋಗ್ರಿ ಮಾಸ್ತರ. ಗಂಟಿ ಇಲ್ದ ನಾ ಹೋದ್ರೂ ಅಷ್ಟ, ಬಿಟ್ರೂ ಅಷ್ಟ."

ಬಿಸಿಲು ನೆತ್ತಿಗೇರಿದೆ ಇವನಿಗೆ ಅಂದುಕೊಂಡೆ. ಸಿಟ್ಟೂ ಬಂತು. ಆದರೂ ಬಿಟ್ಟುಹೋಗಲು ಮನಸ್ಸಾಗದೆ ನಾನೂ ಉಸುಕು ಕೆದಕಿದೆ. ಕೊನೆಗೆ ಮುಚ್ಚಳ ಸಿಕ್ಕಿದ್ದು ಮಾಸ್ತರರ ಕಾಲಿಗೆ. ಬೈಯುತ್ತಲೇ ಎತ್ತಿ ಕೊಟ್ಟರು.

ಔರಾದದಲ್ಲಿ ಖಾಜಾನ ಓಣಿಯ ಬಾಗಿಲೆಲ್ಲ ಮುಚ್ಚಿದ್ದವು. ಅವನ ಮನೆಯ ಬಾಗಿಲು ಮಾತ್ರ ಮುರಿದು ಜೋತಾಡುತ್ತಿತ್ತು. ಒಳಗೆ ಯಾರೂ ಇಲ್ಲ.

"ಕೂಗಿ ನೋಡೋ," ಎಂದೆ.

"ಕೂಗಿದ್ರ ಯಾರೂ ಬರಂಗಿಲ್ರಿ. ಗಲಾಟ್ಯಾಗ ಹೆಸರು ಹಿಡ್ದು ಕೂಗೇ ಮಂದಿನ್ನ ಹೊರಗ ಕರದು ಕೊಂದಿದ್ರು."

ಸೈಕಲ್ ನಿಲ್ಲಿಸಿ ಗಂಟೆ ಬಾರಿಸಿದ. ಎರಡು ಸಲ, ತಡೆದು ಮತ್ತೊಂದು. ಏನೂ ಇಲ್ಲ. ತಿರುಗಿ ಬಾರಿಸಿದ. ಎದುರಿಗೆ ಕುರಿ ಸಾಕಿದ ಶಿವಮ್ಮನ ಮನೆಯ ಅಗಳಿ ಸರಿಯಿತು. ಇಳಕಲ್ ಸೀರೆ, ಹಣೆತುಂಬ ಕುಂಕುಮದ ಮುದುಕಿಯೊಬ್ಬಳು ಹೊರಗೆ ಬಂದಳು. ಇವಳ್ಯಾರೆಂದು ನಾನು ಗೊಂದಲದಲ್ಲಿದ್ದರೆ, ಆಕೆ ಮೊದಲು ಗಂಟೆ ಮುಟ್ಟಿದಳು, ಆಮೇಲೆ ಖಾಜಾನ ಮುಖ.

"ಇತ್ತಾ ದೇರ್ ಕೈಕು ರೇ ಬೇಟಾ?" ಇಷ್ಟು ತಡ ಯಾಕೋ ಮಗನೇ ಎಂದು ಅತ್ತಳು.

ಹಿಂದೆ ನಿಂತ ಶಿವಮ್ಮ ಅಂದಳು: "ಯಾರ್ ಬಡದ್ರೂ ತಗೀಬ್ಯಾಡ, ನಮ್ಮ ಯಜಮಾನರ ಗಂಟಿ ಕೇಳಿದ್ರಷ್ಟ ತಗಿ ಅಂದಿದ್ಳಪ್ಪಾ. ನನ್ನ ಅಕ್ಕ ಅಂತ ಹೇಳಿ ಇಟ್ಕೊಂಡೀನಿ."

ನಾನೂ ಅತ್ತೆ. ಮಾಸ್ತರು ಆ ಕಡೆ ತಿರುಗಿ ತಮ್ಮ ಸೈಕಲ್ಲಿನ ಗಾಳಿ ನೋಡುತ್ತಿದ್ದರು.

ಬೀದರಿಗೆ ಹನ್ನೊಂದು ಮಂದಿ ಮರಳಿದೆವು. ಇನ್ನೊಬ್ಬ ಎಲ್ಲಿ ಎಂದು ಸಾಹೇಬರು ಕೇಳಿದಾಗ ಮಾಸ್ತರು ಸೆಟೆದು ನಿಂತು ಹೇಳಿದರು: "ಅಂವ ಮನಿ ಮುಟ್ಯಾನ್ರಿ."

ಆಮೇಲೆ ನೌಕರಿ ಇರುವತನಕ ನಾನು ಖಾಕಿ ಹಾಕಿ ಯಾರ ಬಾಗಿಲನ್ನೂ ಬಡಿಯಲಿಲ್ಲ. ಊರಿನವರನ್ನೇ ಮುಂದೆ ಬಿಟ್ಟು, ಅವರ ದನಿಗೆ ಬಾಗಿಲು ತೆರೆಯುವವರೆಗೆ ಹೊರಗೆ ಕಾಯುತ್ತಿದ್ದೆ. ಲಸಿಕೆಯ ಪೆಟ್ಟಿಗೆ ಹಿಡಿದು ಮತ್ತೆ ಔರಾದಕ್ಕೆ ಹೋದಾಗ, ಆ ಸೈಕಲ್ ತಳ್ಳಿಕೊಂಡು ಗಂಟೆ ಬಾರಿಸುತ್ತ ನನ್ನ ಮುಂದೆ ನಡೆದವಳು ಖಾಜಾನ ತಾಯಿ. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು.