ಸಮ್ಮತಿ ಮುರಿಯಿತೆಂದು ನಡುಗಿದ ದಿನ

ನನ್ನ ಮೊಮ್ಮಗಳು ಈಗ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ! ಇದನ್ನು ಬರೆಯುವಾಗಲೂ ಎದೆ ಉಬ್ಬುತ್ತದೆ. ನಾನು ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು, ನನ್ನ ಕೂಸಿನ ಬಾಯಲ್ಲಿ ಇಡೀ ಆಕಾಶ! ಆದರೆ ಅದೇ ವಿದ್ಯೆ ಒಂದು ದಿನ ನನ್ನ ಜೀವ ಬಾಯಿಗೆ ತಂದಿತ್ತು.

ನಮ್ಮ ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಬೀಳಗಿ ಹತ್ತಿರದ ಪುನರ್ವಸತಿ ಕೇಂದ್ರದಲ್ಲಿದ್ದೆವು. ಅವಳು ಎಂ.ಎಸ್ಸಿ. ಓದುತ್ತಿದ್ದಳು. ಮುಧೋಳದ ಹುಡುಗನ ಮನೆಯವರು ಸಮ್ಮತಿ ಕೊಟ್ಟು, ಓದು ಮುಗಿದ ಮೇಲೆ ಲಗ್ನ ಎಂದಿದ್ದರು. ಹಿಗ್ಗಿನಿಂದ ಓಣಿಗೆಲ್ಲ ಸಕ್ಕರೆ ಹಂಚಿದ್ದೆ.

ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದೆ. ಒಳಕೋಣೆಯಲ್ಲಿ ಅವಳು ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದಳು: "ಸಮ್ಮಿತಿ ಭಂಗ ಆದ ಮ್ಯಾಲೆನ ನೋಡು, ದೂರ ಸರಿಯೂದು ಜೋರಾತು. ನಡುವ ಕಪ್ಪು ಶಕ್ತಿ ತಳ್ಳಾಕತ್ತೈತಿ. ಇನ್ನ ಕೂಡೂದಿಲ್ಲ ಅವು."

ಕೈಯಲ್ಲಿನ ರೊಟ್ಟಿ ಹರಿಯಿತು. ಸಮ್ಮತಿ ಭಂಗ! ಕಪ್ಪು ಶಕ್ತಿ ಎಂದರೆ ಮಾಟವಲ್ಲದೆ ಮತ್ತೇನು? ಯಾರ ಕಣ್ಣು ಬಿತ್ತೋ ನನ್ನ ಕೂಸಿನ ಮೇಲೆ.

ಅವಳನ್ನು ಕೇಳಲು ಬಾಯಿ ಬರಲಿಲ್ಲ. ಹಿನ್ನೀರೂ ಹೀಗೇ ಬಂದಿತ್ತು, ಸಪ್ಪಳವಿಲ್ಲದೆ. ಮೊದಲು ಹೊಲದ ಬದು ನೆನೆಯಿತು, ಆಮೇಲೆ ಹಿತ್ತಲು, ಆಮೇಲೆ ಹೊಸ್ತಿಲು. ಗೋಡೆಗೆ ಗೋಡೆ ಹಚ್ಚಿ ಬದುಕಿದವರು ದಿಕ್ಕಿಗೊಬ್ಬರಾದೆವು. ಈಗ ಅವಳ ಬಾಳಿಗೂ ಅಂಥದೇನೋ ಹೊಕ್ಕಿತೆನಿಸಿತು. ತಡೆಯಲಾರದೆ ಹುಡುಗನ ತಾಯಿ, ನಮ್ಮ ಬೀಗತಿಗೆ ಫೋನ್ ಮಾಡಿದೆ.

"ನಮ್ಮ ಕಡೆಯಿಂದ ಏನಿಲ್ರೀ! ನಿಮ್ಮ ಹುಡಗೀನ ಒಲ್ಲೆ ಅಂದಳೇನ್ರಿ?" ಎಂದು ಆಕೆಯೂ ಗಾಬರಿಯಾದರು. ಒಲ್ಲೆ ಅಂದವಳು ಇವಳೇ ಏನೋ! ನನ್ನ ಅಂಜಿಕೆ ಇಮ್ಮಡಿಯಾಯಿತು.

ಮಧ್ಯಾಹ್ನದೊಳಗೆ ತಾಯಿ, ಮಗ ಬಂದೇ ಬಿಟ್ಟರು. ಹುಡುಗನ ಮುಖ ಬಾಡಿತ್ತು. "ನಾ ಏನ ತಪ್ಪ ಮಾಡೇನಿ?" ಎಂದ.

ಮೊಮ್ಮಗಳು ಕಣ್ಣು ಕಣ್ಣು ಬಿಟ್ಟಳು. ನಾನು ಕೇಳಿಸಿಕೊಂಡದ್ದನ್ನೆಲ್ಲ ಹೇಳಿದೆ. ಅವಳು ಹಣೆ ಬಡಿದುಕೊಂಡು ನಕ್ಕಳು. "ಆಯಿ, ಸಮ್ಮತಿ ಅಲ್ಲ ಬೇ, ಸಮ್ಮಿತಿ! ಅಂದ್ರ ಎಲ್ಲಾ ಕಡೆಗೂ ಸಮ ಇರೂದು. ಅದು ನನ್ನ ಪಾಠ!"

ನನ್ನ ಊರುಗೋಲು ಕಸಿದು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದಳು. "ಈಗ ಯಾವ ಕಡೆಗೂ ವಾಲಿಲ್ಲ. ಬಿಟ್ಟರ ಒಂದ ಕಡೆ ಬೀಳತೈತಿ, ಅದ ಭಂಗ. ವಿಶ್ವ ಹಿಗ್ಗಿ ತೆಳ್ಳಗಾದಾಗ ಇಂಥದ್ದೇನೋ ಆತು, ಅದಕ್ಕ ನಕ್ಷತ್ರದ ಗುಂಪು ಜೋರಿಲೆ ದೂರ ಹೊಂಟಾವ ಅಂತ ಕೆಲವರು ಅಂತಾರ." ಕೈ ಬಿಟ್ಟಳು. ಕೋಲು ಹುಡುಗನ ಕಾಲ ಹತ್ತಿರ ಬಿತ್ತು.

"ನಮ್ಮ ಕಡೇನ ಬಿತ್ತು ತಗೋರಿ!" ಎಂದು ಬೀಗತಿ ನಕ್ಕರು. ಹುಡುಗನಿಗೆ ಆಗ ಉಸಿರು ಬಂತು.

ನನಗೆ ಮಾತ್ರ ನಗು ಬರಲಿಲ್ಲ. "ಎಲ್ಲಾ ದೂರ ಹೊಂಟಾವ ಅನ್ನೂದು ಖರೆ ಏನ?"

"ಖರೆ. ತಳ್ಳೂದು ಏನಂತ ಇನ್ನೂ ಯಾರಿಗೂ ಗೊತ್ತಿಲ್ಲ, ಅದಕ್ಕ ಕಪ್ಪು ಶಕ್ತಿ ಅಂತಾರ."

ಬೀಗತಿಯ ಕೈ ಹಿಡಿದೆ. "ಓದು ಆಮ್ಯಾಲೂ ಆಗತೈತ್ರಿ. ಲಗ್ನದ ದಿನ ಇವತ್ತ ಗೊತ್ತ ಮಾಡೂಣು."

"ಆಯಿ, ಅವು ದೂರ ಆಗಾಕ ಕೋಟಿ ಕೋಟಿ ವರ್ಷ ಹಿಡಿತಾವ!"

"ಹಿಡೀಲಿ ಬೇ. ನೀ ಪಂಚಾಂಗ ತಾ."