ದೇವರ ಗೂಡಿನ ರೀಲು

ಜಯನಗರದ ಗೋಬಿ ಮಂಚೂರಿ ಗಾಡಿಯ ಪಕ್ಕ ಹಾಯುವಾಗ ವಿನೆಗರ್‌ನ ಹುಳಿ ವಾಸನೆ ಮೂಗಿಗೆ ಬಡಿದರೆ ಸಾಕು, ಅಲ್ಲೇ ನಿಂತುಬಿಡುತ್ತೇನೆ. ಯಡಿಯೂರಿನ ನಮ್ಮ ಹಳೆಯ ಮನೆಯ ದೇವರ ಕೋಣೆಯಲ್ಲಿ, ಕರ್ಪೂರದ ಘಮದ ಅಡಿಯಲ್ಲಿ, ಇದೇ ವಾಸನೆ ಇರುತ್ತಿತ್ತು. ಪಂಚಾಮೃತ ಎಲ್ಲೋ ಚೆಲ್ಲಿರಬೇಕೆಂದು ಅಜ್ಜಿ ನೆಲ ಒರೆಸಿ ಒರೆಸಿ ಸೋತಿದ್ದಳು. ಆ ಮನೆಯಿದ್ದ ಜಾಗದಲ್ಲೀಗ ಕಾರುಗಳು ನಿಲ್ಲುತ್ತವೆ.

ಅಪ್ಪ ಟೆಂಟ್ ಸಿನಿಮಾದಲ್ಲಿ ಮೆಷಿನ್ ಓಡಿಸುತ್ತಿದ್ದ. ಆಟಕ್ಕೆ ಮುಂಚೆ ವಾರ್ತಾಚಿತ್ರ ತೋರಿಸುತ್ತಿದ್ದ ಕಾಲ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನಮ್ಮ ಕೆರೆ ಏರಿ ನೋಡಲು ಬಂದಿದ್ದ ದೊಡ್ಡ ನಾಯಕರೊಬ್ಬರ ಚಿತ್ರವೂ ಅದರಲ್ಲಿತ್ತು. ಅವರ ಕೈಗೆ ಮಜ್ಜಿಗೆಯ ಲೋಟ ಕೊಟ್ಟು, ಬಾಯಿಗೆ ಸೆರಗು ಅಡ್ಡ ಹಿಡಿದು ನಗುವವಳು ನನ್ನ ಅವ್ವ. ನನಗೆ ಬುದ್ಧಿ ತಿಳಿಯುವ ಮೊದಲೇ ತೀರಿಕೊಂಡ ಅವಳದು ಒಂದು ಫೋಟೊ ಕೂಡ ಇರಲಿಲ್ಲ. ಅಜ್ಜಿ ನನ್ನನ್ನು ಎತ್ತಿ ಹಿಡಿದು, "ಬೇಗ ನೋಡ್ಕೊ ಮಗಾ, ಹೊಂಟೋಗ್ತಾಳೆ" ಎನ್ನುತ್ತಿದ್ದಳು. ಜನ ನಾಯಕರಿಗೆ ತಟ್ಟುತ್ತಿದ್ದ ಚಪ್ಪಾಳೆ ಅವ್ವನಿಗೇ ಎಂದು ನಾನು ನಂಬಿದ್ದೆ.

ಟೆಂಟ್ ಮುಚ್ಚಿದಾಗ ಅಪ್ಪ ಆ ರೀಲನ್ನು ಬೇಡಿ ಮನೆಗೆ ತಂದ. ಮುತ್ತೈದೆಯಾಗಿ ಹೋದ ಸೊಸೆ ಮರಳಿ ಬಂದಳೆಂದು ಅಜ್ಜಿ ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿ, ಒದ್ದೆ ಮಡಿಬಟ್ಟೆಯಲ್ಲಿ ಸುತ್ತಿ, ದೇವರ ಗೂಡಿನಲ್ಲಿ ದೀಪಕ್ಕೆ ತಾಗಿಸಿಟ್ಟಳು. ಪ್ರತಿ ಶುಕ್ರವಾರ ಬಟ್ಟೆ ಒಗೆದು, ಹಿಂಡಿ, ಮತ್ತೆ ಸುತ್ತುತ್ತಿದ್ದಳು. "ತೆಗಿಬೇಡ್ರೋ, ಗಾಳಿ ತಾಕೀತು" ಎನ್ನುತ್ತಿದ್ದಳು. ಅವಳು ಹೋದ ಮೇಲೂ, ಮನೆ ಬದಲಾದ ಮೇಲೂ ನಾವು ಪೂಜೆ ಬಿಡಲಿಲ್ಲ, ಡಬ್ಬಿ ತೆಗೆಯಲಿಲ್ಲ.

ಮೊನ್ನೆ ಅದನ್ನು ಜೆ.ಪಿ. ನಗರಕ್ಕೆ, ಹಳೆಯ ಫಿಲ್ಮುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಹೆಣ್ಣುಮಗಳ ಬಳಿ ಒಯ್ದೆ. ಮುಚ್ಚಳ ತೆಗೆದಳು. ಕೋಣೆಯ ತುಂಬ ಅದೇ ಹುಳಿ ವಾಸನೆ.

"ಅಂಕಲ್, ಎಲ್ಲಾ ಅಂಟ್ಕೊಂಡು ಕಲ್ಲಾಗ್ಬಿಟ್ಟಿದೆ. ಶಾಖ, ತೇವ ಎರಡೂ ಫಿಲ್ಮಿಗೆ ಆಗಲ್ಲ, ಕೆಟ್ಟು ಹೀಗೆ ವಿನೆಗರ್ ವಾಸನೆ ಬರುತ್ತೆ. ಎಲ್ಲಿಟ್ಟಿದ್ರಿ?"

"ದೇವ್ರ ಮನೇಲಿ."

ಅವಳು ಮುಚ್ಚಳ ಮತ್ತೆ ಹಾಕಲು ಹೋದಳು. ಒಂದೇ ಒಂದು ಚಿತ್ರ ಬಿಡಿಸಿಕೊಡಮ್ಮ ಎಂದು ಅಂಗಲಾಚಿದೆ. ಅಂಚಿಗೆ ಮೆಲ್ಲಗೆ ಚಾಕುವಿನ ತುದಿ ಹಾಕಿದಳು. ಕಂದು ಬಣ್ಣದ ಪುಡಿ ಉದುರಿತು.

ಆ ನಾಯಕರ ಸಾಕ್ಷ್ಯಚಿತ್ರಗಳು ಫೋನಿನಲ್ಲಿ ಬೇಕಾದಷ್ಟು ಸಿಗುತ್ತವೆ. ಭಾಷಣ ಮಾಡುತ್ತಾರೆ, ಟೇಪು ಕತ್ತರಿಸುತ್ತಾರೆ, ಮಕ್ಕಳ ಕೆನ್ನೆ ಹಿಂಡುತ್ತಾರೆ. ನಮ್ಮ ಕೆರೆಯದು ಮಾತ್ರ ಕೇಳಿದ ಕಡೆಯೆಲ್ಲ ಇಲ್ಲವೆಂದರು. ಒಂದರಲ್ಲಿ ಅವರು ಪಕ್ಕಕ್ಕೆ ತಿರುಗಿ ಯಾರಿಗೋ ಕೈ ಮುಗಿಯುತ್ತಾರೆ; ಅದು ಯಾರೆಂದು ಕಾಣುವ ಮೊದಲೇ ಚಿತ್ರ ಬದಲಾಗುತ್ತದೆ. ಅದು ನಮ್ಮೂರಲ್ಲವೆಂದು ಗೊತ್ತಿದ್ದೂ ಹಿಂದಕ್ಕೆಳೆದು ಮತ್ತೆ ಮತ್ತೆ ನೋಡುತ್ತೇನೆ. ಅಪ್ಪನೂ ಈಗಿಲ್ಲ. ಅವ್ವನ ಮುಖ ಹೇಗಿತ್ತೆಂದು ಹೇಳಬಲ್ಲವರು ಒಬ್ಬರೂ ಉಳಿದಿಲ್ಲ. ನನಗೆ ನೆನಪಿರುವುದು ಬಾಯಿಗೆ ಅಡ್ಡ ಹಿಡಿದ ಆ ಸೆರಗು ಮಾತ್ರ.